ಮರ್ಮಗೋವೆಯ ರೂಮು

ಈಗ ಹೊಸಪೇಟೆಯ ಡ್ಯಾಮು ನೋಡಲು ಬರುವ ಮಂದಿ ಕಟ್ಟೆಯ ಮೇಲೆ ನಿಂತು, ‘ಅಬ್ಬಾ, ಥೇಟ್ ಸಮುದ್ರ!’ ಅನ್ನುತ್ತಾರೆ. ಸಂಜೆ ತಿರುಗಾಡಲು ಹೋದಾಗ ದಿನಕ್ಕೊಮ್ಮೆಯಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ನಿಮ್ಮಲ್ಲಿ ಎಷ್ಟು ಜನ ಸಮುದ್ರ ನೋಡಿದ್ದೀರಿ ಎಂದು ಕೇಳಬೇಕೆನಿಸುತ್ತದೆ, ಕೇಳುವುದಿಲ್ಲ. ಮುದುಕ ಜಗಳಗಂಟ ಎಂದುಕೊಂಡಾರು. ಹಾಗೆಂದುಕೊಂಡರೆ ತಪ್ಪೂ ಅಲ್ಲ. ನಾನು ಸಮುದ್ರ ನೋಡಿದವನು. ಒಂದೇ ಸಲ, ನಾಲ್ಕು ದಿನ. ಆ ನಾಲ್ಕು ದಿನವೂ ನಾನು ಸಮುದ್ರ ನೋಡಲು ಹೋದವನಲ್ಲ, ರೂಮು ಹುಡುಕಲು ಹೋದವನು.

ಆಗ ಡ್ಯಾಮು ಇರಲಿಲ್ಲ. ಹೊಸಪೇಟೆ ಮದ್ರಾಸು ಸರ್ಕಾರಕ್ಕೆ ಸೇರಿತ್ತು, ಪಕ್ಕದ ಸಂಡೂರು ರಾಜರ ಸಂಸ್ಥಾನ. ಸಂಡೂರಿನ ಗುಡ್ಡಗಳಲ್ಲಿ ಅಗೆದ ಮ್ಯಾಂಗನೀಸ್ ಅದಿರು ವ್ಯಾಗನ್ನುಗಳಲ್ಲಿ ಹೊಸಪೇಟೆಗೆ ಬಂದು, ಇಲ್ಲಿಂದ ಪಡುವಣಕ್ಕೆ, ಪರಂಗಿಯವರ ಗೋವೆಯ ಬಂದರಿಗೆ ಹೋಗುತ್ತಿತ್ತು. ನಾನು ಅದಿರು ಸಾಗಿಸುವ ಏಜೆಂಟರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಕೆಲಸ ಏನೆಂದು ಹೇಳಿದರೆ ನಗುತ್ತೀರಿ. ವ್ಯಾಗನ್ನುಗಳಿಗೆ ಚೀಟಿ ಕಟ್ಟುವುದು. ಅಂಗೈಯಗಲದ ರಟ್ಟಿನ ಚೀಟಿ, ಅದರಲ್ಲಿ ಮೂರು ಸಾಲು. ಮೊದಲನೆಯದು ಎಲ್ಲಿಂದ, ಎರಡನೆಯದು ಎಲ್ಲಿಗೆ, ಮೂರನೆಯದು ಒಳಗೆ ಏನಿದೆ. ಎರಡನೆಯ ಸಾಲಿನಲ್ಲಿ ಮರ್ಮಗೋವೆ, ಮರ್ಮಗೋವೆ ಎಂದು ಬರೆದು ಬರೆದು ನನ್ನ ಕೈಗೆ ಆ ಊರಿನ ಹೆಸರು ಸ್ವಂತ ಹೆಸರಿಗಿಂತ ಚೆನ್ನಾಗಿ ರೂಢಿಯಾಗಿತ್ತು. ಬಂದರಿನಿಂದ ವಾಪಸಾಗಿ ಸಂಡೂರಿನ ಕಡೆ ಹೋಗುವ ವ್ಯಾಗನ್ನುಗಳಿಗೂ ಚೀಟಿ ಕಟ್ಟಬೇಕಿತ್ತು. ಬಂದರಿನ ಚೀಟಿ ಇಂಗ್ಲಿಷಿನಲ್ಲಿ, ಇವು ಗಣಿಯವರಿಗಾದ್ದರಿಂದ ಕನ್ನಡದಲ್ಲಿ. ಇವುಗಳ ಮೂರನೆಯ ಸಾಲಿನಲ್ಲಿ ಬರೆಯುತ್ತಿದ್ದದ್ದು ಒಂದೇ ಪದ, ಖಾಲಿ.

ಸಂಡೂರಿನ ಕಲ್ಲೆಲ್ಲ ಸಮುದ್ರ ನೋಡುತ್ತಿತ್ತು. ನಾನು ಗದಗಿನ ಆಚೆ ಹೋದವನಲ್ಲ.

ನನ್ನ ಹೆಂಡತಿ ಕಂಪ್ಲಿಯವಳು. ಹೊಳೆ ದಂಡೆಯ ಮನೆ, ಅಪ್ಪನದು ಅಕ್ಕಿ ಅಂಗಡಿ. ಹರಿಗೋಲಿನಲ್ಲಿ ಅತ್ತಿತ್ತ ದಾಟಿ ಬೆಳೆದವಳಾದ್ದರಿಂದ ನೀರಿನ ಭಯ ಎಂಬುದೇ ಇರಲಿಲ್ಲ. ಆಕೆಯ ತಾಯಿಯ ಕಡೆಯವರದು ತೆಲುಗು ಬೆರೆತ ಕನ್ನಡ. ಅವರ ಮನೆಯಲ್ಲಿ ಯಾವ ಸಾಮಾನು ತೀರಿದರೂ ತೀರಿತು ಅನ್ನುವಂತಿರಲಿಲ್ಲ, ಖಾಲಿ ಅನ್ನುವಂತೆ ಮೊದಲೇ ಇರಲಿಲ್ಲ. ‘ತುಂಬೈತಿ’ ಅನ್ನಬೇಕು. ಇದು ನನಗೆ ಗೊತ್ತಾದದ್ದು ಮದುವೆಯಾದ ಹೊಸತರಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೊರಟವನ ಹಿಂದೆ ಬಂದು, “ಅಕ್ಕಿ ತುಂಬೈತ್ರಿ” ಅಂದಳು.

“ಭಾಳ ಚಲೋ ಆತು” ಅಂದು ನಾನು ಹೊರಟೇಬಿಟ್ಟೆ.

ಮಧ್ಯಾಹ್ನ ಬಂದರೆ ತಟ್ಟೆಯಲ್ಲಿ ಬರೀ ರೊಟ್ಟಿ, ಪಲ್ಯ. ಅನ್ನ ಎಲ್ಲಿ ಅಂದೆ. “ಮುಂಜಾನೆ ಹೇಳಿದ್ನೆಲ್ರಿ” ಅಂದಳು. ಇಬ್ಬರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ಸೆರಗು ಬಾಯಿಗೆ ಹಿಡಿದು ನಕ್ಕ ನಗೆ ಇದೆಯಲ್ಲ, ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು. ಆಮೇಲೆ ಅದು ನಮ್ಮ ಮನೆಯ ಮಾತೇ ಆಗಿಹೋಯಿತು. ಎಣ್ಣೆ ತುಂಬೈತಿ, ಉಪ್ಪು ತುಂಬೈತಿ. ಒಮ್ಮೆ ನಾನು, “ದಿನಾ ನೂರು ಸಲ ಖಾಲಿ ಖಾಲಿ ಅಂತ ಬರಿಯೋನು ನಾನು, ನನ್ನ ಕೈಗೆ ಏನು ಮಾಡ್ತಿ?” ಅಂದದ್ದಕ್ಕೆ, “ಅದು ವ್ಯಾಗನ್ನಿಗೆ. ಮನಿಗೆ ಹಂಗ ಅನಬಾರದು” ಅಂದಳು.

ಮನೆಯಲ್ಲಿ ನಾವಿಬ್ಬರೇ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಬಾಡಿಗೆ ಮನೆ. ಮಕ್ಕಳಾಗಲಿಲ್ಲ. ಮದುವೆಯಾದ ಆರನೆಯ ವರ್ಷ ಆಕೆಗೆ ಕೆಮ್ಮು ಹತ್ತಿತು. ಮೊದಲು ಶುಂಠಿ ಕಷಾಯ, ಆಮೇಲೆ ಸ್ವಾಮಿಗಳ ವಿಭೂತಿ, ಆಮೇಲೆ ಹೊಸಪೇಟೆಯ ಕಾಂಪೌಂಡರನ ಕೆಂಪು ನೀರು. ಕರವಸ್ತ್ರದಲ್ಲಿ ರಕ್ತ ಕಂಡ ದಿನ ಬಳ್ಳಾರಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಕೆಯನ್ನು ಹೊರಗೆ ಕಳಿಸಿ ನನಗೆ ಹೇಳಿದರು: ಈ ಅದಿರಿನ ಧೂಳು ಆಗದು, ಮೂರು ತಿಂಗಳಾದರೂ ಸಮುದ್ರದ ಗಾಳಿಯಲ್ಲಿ ಇಡಬೇಕು, ಮಳೆಗಾಲಕ್ಕೆ ಮೊದಲು ಹೋದರೆ ಬದುಕುವ ಆಸೆ ಉಂಟು. ರೋಗದ ಹೆಸರನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ಕನ್ನಡದ ಹೆಸರು ನನಗೆ ಗೊತ್ತಿತ್ತು. ಆ ಹೆಸರನ್ನು ನಾವಿಬ್ಬರೂ ಮನೆಯಲ್ಲಿ ಒಂದು ದಿನವೂ ಎತ್ತಲಿಲ್ಲ, ಕೆಮ್ಮು ಎಂದೇ ಕರೆದೆವು.

ವಾಪಸು ಬರುವಾಗ ರೈಲಿನಲ್ಲಿ ಆಕೆ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಸಮುದ್ರದ ಗಾಳಿ ಬೇಕಂತೆ ಎಂದಷ್ಟೇ ಆಕೆಗೆ ಹೇಳಿದ್ದೆ. ಎದುರಿನಿಂದ ಒಂದು ಗೂಡ್ಸು ಗಾಡಿ ಹೋಯಿತು.

“ನಿಮ್ಮ ಕಲ್ಲು ಹೋಗೋ ಊರಿಗೇ ನನ್ನೂ ಕಳಸ್ತೀರೇನ್ರಿ?”

“ಹೂಂ. ಅದೇ ಹತ್ತಿರದ ಸಮುದ್ರ.”

“ಹಂಗಾರ ನಂಗೂ ಒಂದು ಚೀಟಿ ಕಟ್ರಿ ಮತ್ತ. ತಪ್ಪಿಸಿಕೊಂಡ್ರ ಕಷ್ಟ” ಅಂದಳು.

ರೋಗಿಯನ್ನು ಕಟ್ಟಿಕೊಂಡು ಹೋಗಿ ಗೊತ್ತಿಲ್ಲದ ಊರಿನಲ್ಲಿ ಬಾಗಿಲು ಬಾಗಿಲು ತಟ್ಟಲಾಗದು. ಮೊದಲು ನಾನೊಬ್ಬನೇ ಹೋಗಿ ಜಾಗ ಗೊತ್ತು ಮಾಡಿ ಬರುವುದೆಂದು ತೀರ್ಮಾನವಾಯಿತು. ಕಂಪ್ಲಿಯಿಂದ ಆಕೆಯ ಅಕ್ಕ ಬಂದು ಜೊತೆಗೆ ಉಳಿದಳು. ಆಕೆಯೇ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಹುಬ್ಬಳ್ಳಿಯಲ್ಲಿ ಗಾಡಿ ಬದಲಾಯಿಸಿ, ಲೋಂಡಾ ದಾಟಿ, ಘಟ್ಟ ಇಳಿಯುವಷ್ಟರಲ್ಲಿ ಮೈಯೆಲ್ಲ ಹೊಗೆ. ಗಡಿಯಲ್ಲಿ ಪರಂಗಿ ಪೊಲೀಸರು ನನ್ನ ಗಂಟು ಬಿಚ್ಚಿಸಿದರು. ಒಬ್ಬ ಚಟ್ನಿಪುಡಿಯನ್ನು ಮೂಸಿ ನೋಡಿ ಒಂದೇ ಸಮನೆ ಸೀನತೊಡಗಿದ. ಉಳಿದವರು ನಗುತ್ತ ನನ್ನನ್ನು ಬಿಟ್ಟರು. ಆ ನಾಲ್ಕು ದಿನದಲ್ಲಿ ನಾನು ಕೇಳಿದ ನಗು ಅದೊಂದೇ.

ಬಂದರಿನಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಸಮುದ್ರವಲ್ಲ, ನಮ್ಮ ವ್ಯಾಗನ್ನುಗಳು. ಸಾಲಾಗಿ ನಿಂತಿದ್ದವು. ಹತ್ತಿರ ಹೋಗಿ ನೋಡಿದರೆ ಚೀಟಿಯಲ್ಲಿ ನನ್ನದೇ ಅಕ್ಷರ. ಅವುಗಳ ಹಿಂದೆ ಸಂಡೂರಿನ ಕಪ್ಪು ಅದಿರು ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತು. ಅದರ ಆಚೆ ನೀರು, ಕಣ್ಣು ಹರಿಯುವಷ್ಟೂ ನೀರು. ಆ ಊರಿನಲ್ಲಿ ನನಗೆ ಪರಿಚಯವಿದ್ದದ್ದು ಆ ಕಲ್ಲಿನ ಗುಡ್ಡೆ ಒಂದೇ. ಅಲ್ಲೇ ಒಂದು ಬದಿಗೆ ಕೂತು ರೊಟ್ಟಿ ತಿಂದೆ. ಅಳು ಬಂತು ಎಂದು ಬರೆಯಲು ಈ ವಯಸ್ಸಿನಲ್ಲಿ ನಾಚಿಕೆ ಇಲ್ಲ.

ಸ್ಟೇಷನ್ನಿನ ಎದುರಿಗೇ ಒಂದು ಕಾಫಿ ಹೋಟೆಲು, ಕರಾವಳಿಯ ಬ್ರಾಹ್ಮಣರದು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಹಲಗೆ, ಅದರಲ್ಲಿ ಮೊಳೆ ಹೊಡೆದು ನಾಲ್ಕು ಬೀಗದ ಕೈ ನೇತು ಹಾಕಿದ್ದರು. ಮಾಳಿಗೆಯ ಮೇಲೆ ನಾಲ್ಕು ರೂಮು. ಮಾಲೀಕರು ಒಂದು ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು. ಊಟಕ್ಕೆ ಮಾತ್ರ ಒಳಗಿನ ಹಜಾರದಲ್ಲಿ ಅಲ್ಲ, ಪಕ್ಕದ ಪಡಸಾಲೆಯಲ್ಲಿ ನನಗೆ ಎಲೆ ಹಾಕಿಸಿದರು. ಕೊರಳಿನ ಲಿಂಗ ನೋಡಿದ ಮೇಲೂ ಹೀಗೆ ಮಾಡಿದರಲ್ಲ ಎಂದು ಸಿಟ್ಟು ಬಂತು. ಅವರು ಮಾಡಿದ ಅಡುಗೆಯನ್ನು ಉಣ್ಣುವುದೇ ನಮ್ಮ ಕಡೆಯವರ ದೃಷ್ಟಿಯಲ್ಲಿ ಅವರಿಗೆ ಮಾಡಿದ ಉಪಕಾರ. ಆದರೂ ಗುಳು ಗುಳು ಉಂಡೆ.

ಕೈ ತೊಳೆದು ಬಂದು, ಇಂಥ ರೂಮೇ ಮೂರು ತಿಂಗಳಿಗೆ ಬೇಕು, ಮನೆಯವಳನ್ನು ಕರೆದುಕೊಂಡು ಬರುತ್ತೇನೆ, ಸ್ವಲ್ಪ ಕೆಮ್ಮು ಇದೆ, ಗಾಳಿಗೆಂದು ಡಾಕ್ಟರು ಹೇಳಿದ್ದಾರೆ ಎಂದೆ. ಮಾಲೀಕರು ನನ್ನ ಮುಖ ನೋಡಲಿಲ್ಲ.

“ಖಾಲಿ ಇಲ್ಲ ಮಾರಾಯ್ರೆ.”

ಗೋಡೆಯಲ್ಲಿ ಮೂರು ಬೀಗದ ಕೈ ತೂಗುತ್ತಿದ್ದವು. ನಾನು ಅವನ್ನು ನೋಡಿದೆ, ಅವರು ನಾನು ನೋಡಿದ್ದನ್ನು ನೋಡಿದರು. “ನೀವು ಎಷ್ಟು ದಿನ ಬೇಕಾದ್ರೂ ಇರಿ. ಹೆಂಗಸರು, ಕಾಯಿಲೆ ಅಂದ್ರೆ ಖಾಲಿ ಇಲ್ಲ” ಎಂದು ಇನ್ನೊಮ್ಮೆ ಹೇಳಿ ಲೋಟ ಎಣಿಸಲು ಒಳಗೆ ಹೋದರು.

ಮರುದಿನ ಬೆಳಿಗ್ಗೆಯಿಂದ ನಾನು ತಿರುಗಿದ ತಿರುಗಾಟಕ್ಕೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಗುಡ್ಡದ ಮೇಲೆ ಹಡಗಿನ ದೊರೆಗಳಿಗೆಂದು ಒಂದು ದೊಡ್ಡ ಹೋಟೆಲು ಇತ್ತು. ಬಿಳಿ ಕಂಬಗಳ ವರಾಂಡ, ಅಲ್ಲಿ ಬೆತ್ತದ ಕುರ್ಚಿಗಳು ಸಾಲಾಗಿ ಸಮುದ್ರಕ್ಕೆ ಮುಖ ಮಾಡಿದ್ದವು. ಒಂದರಲ್ಲೂ ಯಾರೂ ಇರಲಿಲ್ಲ. ಕೋಟು ಹಾಕಿದವನೊಬ್ಬ ನನ್ನ ಧೋತರದಿಂದ ಟೊಪ್ಪಿಗೆಯವರೆಗೆ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದ. ವ್ಯಾಗನ್ನಿನ ಚೀಟಿಯ ಇಂಗ್ಲಿಷು ನನಗೆ ಬರುತ್ತಿತ್ತು, ಅವನ ಇಂಗ್ಲಿಷು ಬರಲಿಲ್ಲ. ಆದರೆ ಫುಲ್ ಎಂಬ ಪದ ಎರಡರಲ್ಲೂ ಒಂದೇ. ದೇವಸ್ಥಾನದ ಧರ್ಮಶಾಲೆಯಲ್ಲಿ ಮೂರು ರಾತ್ರಿಗಿಂತ ಹೆಚ್ಚು ಇರಗೊಡುವುದಿಲ್ಲ, ರೋಗಿಗಳಿಗೆ ಒಂದು ರಾತ್ರಿಯೂ ಇಲ್ಲ ಎಂದರು. ಇನ್ನೆರಡು ಕಡೆ ಕೆಮ್ಮಿನ ಮಾತು ಎತ್ತುವ ಮೊದಲೇ ಕೈ ಆಡಿಸಿದರು.

ನಡುನಡುವೆ ದಂಡೆಗೆ ಹೋಗಿ ಕೂರುತ್ತಿದ್ದೆ. ಬಂದರಿನ ಪಕ್ಕದ ದಂಡೆಯಲ್ಲಿ ಕಲ್ಲಿದ್ದಲ ಪುಡಿ, ಎಣ್ಣೆ ಜಿಡ್ಡು, ಅಲ್ಲಿ ಕೂರುವಂತಿರಲಿಲ್ಲ. ಗುಡ್ಡದ ಹಿಂದೆ ಅರ್ಧಚಂದ್ರದ ಹಾಗೆ ಬಾಗಿದ ಇನ್ನೊಂದು ದಂಡೆ ಚೆನ್ನಾಗಿತ್ತು. ಅಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು ನೋಡಿದೆ. ಔಷಧ ಅನ್ನಿಸಲಿಲ್ಲ, ಉಪ್ಪು ಅನ್ನಿಸಿತು. ಇದನ್ನು ಹೇಗೆ ಆಕೆಗೆ ಹೇಳುವುದು, ಅಲೆ ಬಂದು ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಗುವಾಗ ನಿಂತವನಿಗೆ ತಾನೇ ಹಿಂದಕ್ಕೆ ಹೋದಂತೆ ಆಗುತ್ತದಲ್ಲ, ಅದನ್ನು ಹೇಗೆ ಹೇಳುವುದು ಎಂದೆಲ್ಲ ಯೋಚಿಸಿದೆ. ಮಾತಾಡಲು ಯಾರೂ ಇಲ್ಲದೆ ಎರಡು ದಿನ ಕಳೆದ ಮೇಲೆ ಆಕೆಯೊಂದಿಗೆ ಸಣ್ಣ ದನಿಯಲ್ಲಿ ಮಾತಾಡತೊಡಗಿದ್ದೆ. ‘ಇಲ್ನೋಡು’, ‘ಅಲ್ನೋಡು’ ಎಂದು ಬೆರಳು ತೋರಿಸುತ್ತ. ಒಬ್ಬ ಪಾದ್ರಿ ಸುತ್ತು ಹಾಕಿಕೊಂಡು ಹೋದ.

ಆ ದಂಡೆಯ ಮೇಲೆಯೇ ಒಬ್ಬ ಕಿರಿಸ್ತಾನ ವಿಧವೆಯ ಮನೆ. ಬಾಡಿಗೆಗೆ ರೂಮು ಕೊಡುತ್ತಾಳೆಂದು ಅಂಗಡಿಯವನು ಹೇಳಿದ್ದ. ಆಕೆಯ ಮುರುಕು ಹಿಂದೂಸ್ತಾನಿ, ನನ್ನ ಮುರುಕು ಹಿಂದೂಸ್ತಾನಿ, ಹೇಗೋ ಸರಿಹೋಯಿತು. ರೂಮು ತೋರಿಸಿದಳು. ನೀಲಿ ಬಣ್ಣದ ಕಿಟಕಿ, ಕಿಟಕಿಯ ತುಂಬ ನೀರು. ಬಿಳಿ ಹೊದಿಕೆಯ ಮಂಚ. ತೂಗುವ ಒಂದು ಕುರ್ಚಿ. ನಾನು ಕುರ್ಚಿಯನ್ನು ಕೈಯಿಂದ ದೂಡಿದೆ, ಸದ್ದಿಲ್ಲದೆ ತೂಗಿತು. ಇದೇ, ಇದೇ ರೂಮು ಅನ್ನಿಸಿತು. ಸುಳ್ಳು ಹೇಳಿಬಿಡಬಹುದಿತ್ತು. ಆದರೆ ಬಂದ ದಿನವೇ ಕೆಮ್ಮು ಕೇಳುತ್ತದೆ, ರೋಗಿಯನ್ನು ಬೀದಿಗೆ ಹಾಕಿದರೆ ಏನು ಗತಿ? ಪದ ಸಿಗದೆ ಎದೆಯ ಮೇಲೆ ಕೈ ಇಟ್ಟು ಕೆಮ್ಮಿ ತೋರಿಸಿದೆ. ಆಕೆ ಶಿಲುಬೆಯ ಗುರುತು ಮಾಡಿಕೊಂಡಳು. ಗೋಡೆಯ ಮೇಲಿನ ಒಂದು ಫೋಟೋ ತೋರಿಸಿ, ತಾನೂ ಎದೆಯ ಮೇಲೆ ಕೈ ಇಟ್ಟು ಕೆಮ್ಮಿ ತೋರಿಸಿದಳು. ಆಕೆಯ ಗಂಡ. ಒಳಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ಎರಡು ಬೆರಳು ಎತ್ತಿದಳು. ನನಗೆ ಸಿಟ್ಟು ಬರಲಿಲ್ಲ. ಎಳನೀರು ಕೊಟ್ಟಳು, ಕುಡಿದು ಬಂದೆ.

ಮೂರನೆಯ ದಿನ ಅದಿರು ಇಳಿಸುವ ಹಮಾಲನೊಬ್ಬ ಸಿಕ್ಕಿದ, ಗದಗಿನ ಕಡೆಯವನು. ನನ್ನ ಕನ್ನಡ ಕೇಳಿ ಚೀಲ ಕೆಳಗಿಟ್ಟು ಬಂದ. ಕಥೆಯೆಲ್ಲ ಕೇಳಿ, “ಊರಾಗ ಯಾರೂ ಕೊಡಂಗಿಲ್ರಿ ಸಾಹೇಬ್ರ. ದಂಡಿ ಹಿಡದು ತೆಂಕಲಾಗ ಹೋಗೂಣು ಬರ್ರಿ, ಒಬ್ಬ ಮುದುಕಿ ಅದಾಳ” ಅಂದ.

ಉದ್ದನೆಯ ದಂಡೆ. ಜನ ಇಲ್ಲ, ಹೋಟೆಲಿಲ್ಲ, ಬರೀ ತೆಂಗು, ಮಗುಚಿ ಹಾಕಿದ ದೋಣಿಗಳು. ಮೀನುಗಾರರ ಮುದುಕಿಯ ಮನೆ ಮರಳಿನ ಮೇಲೇ ಇತ್ತು. ಮಗ ಹಡಗಿನ ಕೆಲಸಕ್ಕೆ ಹೋಗಿದ್ದಾನೆ, ಅವನ ಕೋಣೆ ಹಾಗೇ ಇದೆ ಎಂದಳು. ಸಗಣಿ ಸಾರಿಸಿದ ನೆಲ, ಬೇರೆ ಬಾಗಿಲು, ಬಾಗಿಲು ತೆರೆದರೆ ಸಮುದ್ರ. ಹಮಾಲ ಅವಳ ಭಾಷೆಯಲ್ಲಿ ಎಲ್ಲವನ್ನೂ ಹೇಳಿದ. ಕೆಮ್ಮಿನ ವಿಷಯವನ್ನು ನಾನೇ ಕೆಮ್ಮಿ ತೋರಿಸಿದೆ. ಮುದುಕಿ ಒಂದು ಕ್ಷಣವೂ ಹಿಂದೆ ಮುಂದೆ ನೋಡಲಿಲ್ಲ. ಒಳಗೆ ಹೋಗಿ ಚಾಪೆ ತಂದು ಹಾಸಿ, ಇಲ್ಲಿ ಮಲಗುತ್ತಾಳೆ ಎನ್ನುವಂತೆ ಅದರ ಮೇಲೆ ಕೈ ಆಡಿಸಿದಳು.

“ಗಾಳಿ ಐತಿ, ಗಂಜಿ ಮಾಡಿ ಹಾಕ್ತೀನಿ, ಬರಲಿ ಅಂತಾಳ್ರಿ” ಅಂದ ಹಮಾಲ.

ಬಾಗಿಲ ಮುಂದೆ ಎರಡು ಕಂಬಕ್ಕೆ ಹಗ್ಗ ಕಟ್ಟಿ ಮೀನು ಒಣ ಹಾಕಿದ್ದರು. ಗಾಳಿ ಬೀಸಿತು. ಅದರ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಕೊರಳಿನ ಲಿಂಗದ ಕಡೆ ಹೋಯಿತು. ನಮ್ಮ ಮನೆತನದಲ್ಲಿ ಮೀನು ಮುಟ್ಟಿದವರ ನೀರನ್ನೂ ಕುಡಿದವರಿಲ್ಲ. ಈ ಚಾಪೆಯ ಮೇಲೆ ನನ್ನ ಹೆಂಡತಿ ಮಲಗುವುದು, ಈಕೆ ಮಾಡಿದ ಗಂಜಿ ಕುಡಿಯುವುದು, ನಾಳೆ ಕಂಪ್ಲಿಯವರಿಗೆ, ಓಣಿಯವರಿಗೆ ಗೊತ್ತಾಗುವುದು, ಎಲ್ಲ ಒಂದರ ಹಿಂದೆ ಒಂದು ತಲೆಯಲ್ಲಿ ಓಡಿತು.

“ಬ್ಯಾಡ. ಇದು ನಮಗ ಒಗ್ಗಂಗಿಲ್ಲ” ಅಂದೆ.

“ಬಾಯಾಗ ಹಾಕ್ಕೊಳ್ರಿ ಅಂತ ಯಾರು ಅಂದಾರ್ರಿ? ಗಾಳಿ ತಗೊಳ್ಳಾಕ ಬಂದೀರಿ” ಅಂದ ಹಮಾಲ. ನಾನು ತಿರುಗಿ ನಡೆದಾಗಿತ್ತು. ಹಿಂದೆ ಮುದುಕಿ ಅವನನ್ನು ಏನೋ ಕೇಳಿದಳು, ಅವನು ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ. ದೂರ ಹೋಗಿ ಒಮ್ಮೆ ತಿರುಗಿ ನೋಡಿದೆ. ಆಕೆ ಚಾಪೆಯನ್ನು ಸುತ್ತಿ ಗೋಡೆಗೆ ನಿಲ್ಲಿಸುತ್ತಿದ್ದಳು.

ಕಾಫಿ ಹೋಟೆಲಿನ ಮಾಲೀಕರ ಮೇಲೆ ನಾನು ಎರಡು ದಿನ ಹಲ್ಲು ಕಡಿದಿದ್ದೆ. ಅವರ ಬಾಯಲ್ಲಿ ಬಂದ ಮಾತನ್ನೇ ನಾನು ಬೇರೆ ಪದದಲ್ಲಿ ಆಡಿ ಬಂದಿದ್ದೇನೆ ಎಂಬುದು ಆ ದಿನ ಹೊಳೆಯಲಿಲ್ಲ. ಹೊಳೆದದ್ದು ಬಹಳ ತಡವಾಗಿ.

ನಾಲ್ಕನೆಯ ದಿನ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ, ಎಲ್ಲೂ ರೂಮು ಸಿಗಲಿಲ್ಲ, ಬೇರೆ ಊರು ನೋಡೋಣ ಎಂದು. ಮನೆಗೆ ಬಂದರೆ ಆಕೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಟ್ರಂಕು. ಸೀರೆ ಮಡಿಸಿ, ವಿಭೂತಿ ಗಟ್ಟಿ ಇಟ್ಟು, ಮೂರು ತಿಂಗಳಿಗಾಗುವಷ್ಟು ಚಟ್ನಿಪುಡಿ ಅಕ್ಕನಿಂದ ಮಾಡಿಸಿ ತುಂಬಿ ಆಗಿತ್ತು.

“ಸಿಕ್ತೇನ್ರಿ?” ಅಂದಳು.

“ಸಿಕ್ತು” ಅಂದೆ.

ಅಷ್ಟೇ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

“ಈಗಽ ಹೋಗಿ ಇರಬಹುದೇನು?” ಎಂದು ಅಕ್ಕ ಕೇಳಿದಳು. ನಾನು, “ಖಾಲಿ ಐತಿ, ನಮಗಂತನ ಇಟ್ಟಾರ” ಎಂದದ್ದಕ್ಕೆ ನನ್ನ ಹೆಂಡತಿ ಕಣ್ಣು ದೊಡ್ಡದು ಮಾಡಿ, “ಇರೋ ಮನಿಗೆ ಖಾಲಿ ಅನಬ್ಯಾಡ್ರಿ” ಎಂದು ಗದರಿಸಿದಳು.

ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆಗೆ ಆ ರೂಮಿನ ಸುದ್ದಿ ಬೇಕು. ನಾನು ಹೇಳುತ್ತಿದ್ದೆ. ವಿಧವೆಯ ಮನೆಯ ನೀಲಿ ಕಿಟಕಿ, ಆ ತೂಗುಕುರ್ಚಿ. ಗುಡ್ಡದ ಮೇಲಿನ ಹೋಟೆಲಿನ ಬಿಳಿ ಕಂಬದ ವರಾಂಡ. ಕಾಫಿ ಹೋಟೆಲಿನ ಸಾರು, ಆದರೆ ಅಡುಗೆಯವರನ್ನು ಮಾತ್ರ ನಮ್ಮವರನ್ನಾಗಿ ಮಾಡಿಬಿಟ್ಟೆ. ಮುದುಕಿಯ ಕೋಣೆಯಿಂದ ಸಗಣಿ ಸಾರಿಸಿದ ನೆಲ ತೆಗೆದುಕೊಂಡೆ, ಮೀನಿನ ಹಗ್ಗ ಬಿಟ್ಟೆ. ನನಗೆ ಇಲ್ಲ ಎಂದ ಮನೆಗಳಿಂದ, ನಾನೇ ಬೇಡ ಎಂದ ಮನೆಯಿಂದ ಒಂದೊಂದು ಸಾಮಾನು ಕದ್ದು ತಂದು ಆ ರೂಮು ಕಟ್ಟಿದೆ. ಕೆಲವು ಸಲ ನನಗೇ ಮರೆತುಹೋಗುತ್ತಿತ್ತು.

“ನಿನ್ನಿ ಕಿಟಕಿ ನೀಲಿ ಅಂದಿದ್ರಿ, ಇವತ್ತು ಹಸರು ಅಂತೀರಿ” ಅನ್ನುವಳು.

“ಎರಡು ಕಿಟಕಿ ಅದಾವ.”

“ಹಂಗಾರ ಚಲೋ ಆತು. ಒಂದು ನಿಮಗ, ಒಂದು ನನಗ.”

ಒಂದು ದಿನ ವಿಳಾಸ ಬರೆದುಕೊಡಿ ಎಂದು ಹಟ ಹಿಡಿದಳು. ಏನಂತ ಬರೆಯಲಿ? ಕೆಲಸದಿಂದ ತಂದ ಒಂದು ರಟ್ಟಿನ ಚೀಟಿ ಜೇಬಿನಲ್ಲಿತ್ತು. ತಮಾಷೆಗೆ ಮಾಡಿದಂತೆ ಮಾಡಿ, ಮೊದಲ ಸಾಲಿನಲ್ಲಿ ಹೊಸಪೇಟೆ, ಎರಡನೆಯದರಲ್ಲಿ ಮರ್ಮಗೋವೆ ಎಂದು ಕನ್ನಡದಲ್ಲಿ ಬರೆದು, “ತಗೋ, ನಿನ್ನ ಚೀಟಿ” ಅಂದೆ.

“ಮೂರನೇದು ಬಿಟ್ರೆಲ್ಲ? ಒಳಗ ಏನೈತಿ ಅಂತ ಬರೀಬೇಕು.”

“ಬಂಗಾರ ಅಂತ ಬರೀಲೇನು?”

“ನಾನಽ ಬರಕೋತೀನಿ ಬಿಡ್ರಿ” ಎಂದು ಕಸಿದುಕೊಂಡಳು. ಕಂಪ್ಲಿಯಲ್ಲಿ ಮೂರನೆಯ ಕ್ಲಾಸಿನವರೆಗೆ ಓದಿದ್ದಳು, ಅಕ್ಷರ ದುಂಡಗಿದ್ದವು.

ಹೊರಡುವ ದಿನ ಮುಂದೆ ಮುಂದೆ ಹೋಯಿತು. ರೂಮಿಗೆ ಸುಣ್ಣ ಹೊಡೆಯುತ್ತಿದ್ದಾರೆ ಅಂದೆ, ರಜೆ ಸಿಗಲಿಲ್ಲ ಅಂದೆ, ಮಳೆ ಹಿಡಿಯಿತು ಅಂದೆ. ಅಷ್ಟರಲ್ಲಿ ಬೇರೆ ಊರುಗಳಿಗೆ ಕಾಗದ ಬರೆದೆ, ಒಂದಕ್ಕೂ ಜವಾಬು ಬರಲಿಲ್ಲ. ಕೆಮ್ಮು ಯಾರ ರಜೆಯನ್ನೂ ಕಾಯಲಿಲ್ಲ.

ಮಳೆ ನಿಂತ ಮೇಲೆ ಒಂದು ದಿನ ಆಕೆ ಸ್ವಲ್ಪ ಗೆಲುವಾಗಿದ್ದಳು. ಹಂಪಿಗೆ ಹೋಗೋಣ ಅಂದಳು. ಬಾಡಿಗೆ ಗಾಡಿ ಮಾಡಿಸಿ, ಹುಲ್ಲು ಹಾಸಿ ಕೂರಿಸಿಕೊಂಡು ಹೊರಟೆ. ಕಮಲಾಪುರದ ಕೆರೆಯ ಹತ್ತಿರ ಬರುವಷ್ಟರಲ್ಲಿ ದಣಿದಳು. ಗಾಡಿ ನಿಲ್ಲಿಸಿ ಏರಿಯ ಮೇಲೆ ಕೂತೆವು. ಕೆರೆ ತುಂಬಿತ್ತು, ಗಾಳಿಗೆ ಸಣ್ಣ ಅಲೆ ಏಳುತ್ತಿದ್ದವು.

“ಇದಕ್ಕಿಂತ ದೊಡ್ಡದೇನ್ರಿ?”

“ಭಾಳ ದೊಡ್ಡದು. ಆ ಕಡೆ ದಂಡಿನಽ ಕಾಣಂಗಿಲ್ಲ.”

ಕೆರೆಯಲ್ಲಿ ಯಾರೋ ಬಲೆ ಎಳೆಯುತ್ತಿದ್ದರು. “ಅಲ್ಲಿ ಮೀನಿನ ವಾಸನಿ ಬರತೈತೇನು?” ಅಂದಳು.

“ನಮ್ಮ ರೂಮಿಗೆ ಬರಂಗಿಲ್ಲ” ಅಂದೆ.

“ಬಂದ್ರ ಏನಾತ್ರಿ? ನಾನು ಹೊಳಿ ದಂಡಿಯಾಕಿ. ಹರಿಗೋಲಿನವರ ಮನ್ಯಾಗ ಆಡಿ ಬೆಳದೀನಿ. ಅವರು ಕೊಟ್ಟ ಗಂಜಿನೂ ಕುಡದೀನಿ, ಅವ್ವಗ ಹೇಳಿಲ್ಲ ಅಷ್ಟ” ಎಂದು ನಕ್ಕಳು. ನಗು ಕೆಮ್ಮಾಯಿತು. ನಾನು ಬೆನ್ನು ನೀವುತ್ತ ಕೂತೆ. ಆಗ ಹೇಳಿಬಿಡಬೇಕಿತ್ತು, ಆ ಮುದುಕಿಯ ವಿಷಯ, ಚಾಪೆಯ ವಿಷಯ. ಆಕೆ ನನ್ನನ್ನು ಬೈಯುತ್ತಿದ್ದಳೋ ಏನೋ, ಬೈದರೆ ನನಗೆ ಒಳ್ಳೆಯದಾಗುತ್ತಿತ್ತು. ಹೇಳಲಿಲ್ಲ. ಹೋಗೋಣ ಎಂದು ಎಬ್ಬಿಸಿದೆ. ಹಂಪಿಗೆ ಹೋಗದೆ ತಿರುಗಿ ಬಂದೆವು.

ಸಂಕ್ರಾಂತಿಗೆ ಮೊದಲು ಆಕೆ ಹೋದಳು. ಬೆಳಗಿನ ಹೊತ್ತು, ಅಕ್ಕ ತಲೆ ಬಾಚುತ್ತಿದ್ದಾಗ. ಊರ ಹೊರಗಿನ ನಮ್ಮವರ ಜಾಗದಲ್ಲಿ ಮಣ್ಣು ಮಾಡಿದೆವು. ಕಂಪ್ಲಿಯವರು ಬಂದರು, ಅತ್ತರು, ಹೋದರು. ಹನ್ನೊಂದು ದಿನವಾದ ಮೇಲೆ ಅಕ್ಕನೂ ಹೊರಟಳು. ಮನೆಯಲ್ಲಿ ನಾನೊಬ್ಬ, ಮಂಚದ ಕೆಳಗೆ ಆ ಟ್ರಂಕು. ಕಟ್ಟಿದ್ದನ್ನು ಯಾರೂ ಬಿಚ್ಚಿರಲಿಲ್ಲ.

ಎಳೆದೆ. ಗೋಡೆಯ ಕಡೆ ಇದ್ದ ಹಿಡಿಗೆ ಸೀರೆಯ ಅಂಚು ಹರಿದು ಚೀಟಿ ಕಟ್ಟಿದ್ದಳು, ವ್ಯಾಗನ್ನಿಗೆ ನಾನು ಕಟ್ಟುವ ಗಂಟೇ ಹಾಕಿ. ಮೊದಲ ಎರಡು ಸಾಲು ನನ್ನವು. ಮೂರನೆಯ ಸಾಲಿನಲ್ಲಿ ಆಕೆಯ ದುಂಡನೆಯ ಅಕ್ಷರ: ತುಂಬೈತಿ.

ಬಹಳ ಹೊತ್ತು ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತೆ. ರೂಮು ತುಂಬಿದೆ, ಯಾರೂ ನಮಗೆ ಕೊಡಲಿಲ್ಲ, ಅದು ತನಗೆ ಗೊತ್ತಿತ್ತು ಎಂದು ಬರೆದಳೋ, ಇಲ್ಲ ತನ್ನ ತೌರಿನ ಮಾತಿನಲ್ಲಿ ಎಲ್ಲ ತೀರಿತು ಎಂದು ಬರೆದಳೋ. ನೀಲಿ ಕಿಟಕಿ ಹಸಿರಾದ ದಿನವೇ ಆಕೆಗೆ ಎಲ್ಲ ಗೊತ್ತಾಗಿರಬೇಕು. ಗೊತ್ತಿದ್ದೂ ದಿನಾ ಸಂಜೆ ಕೇಳುತ್ತಿದ್ದಳು. ಆಕೆಗಾಗಿ ನಾನು ಹೇಳುತ್ತಿದ್ದೇನೆ ಎಂದುಕೊಂಡಿದ್ದೆ, ನನಗಾಗಿ ಆಕೆ ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಕೆಲಸಕ್ಕೆ ಹೋದೆ. ಬಂದರಿನಿಂದ ವ್ಯಾಗನ್ನುಗಳು ವಾಪಸು ಬಂದು ನಿಂತಿದ್ದವು. ಚೀಟಿ ತೆಗೆದುಕೊಂಡು ಮೊದಲ ಸಾಲು ಬರೆದೆ, ಎರಡನೆಯದು ಬರೆದೆ. ಮೂರನೆಯ ಸಾಲಿಗೆ ಬಂದಾಗ ಇಷ್ಟು ವರ್ಷ ಬರೆದ ಆ ಎರಡಕ್ಷರ ಕೈಗೆ ಬರಲಿಲ್ಲ. ಬಂದದ್ದನ್ನು ಬರೆದು ಕಟ್ಟಿದೆ. ಸ್ವಲ್ಪ ಹೊತ್ತಿನಲ್ಲೇ ಯಾರ್ಡಿನ ಮೇಸ್ತ್ರಿ ಚೀಟಿ ನೋಡಿ ಗಾಬರಿಯಾಗಿ ವ್ಯಾಗನ್ನು ಹತ್ತಿದ. ಒಳಗೆಲ್ಲ ಇಣುಕಿ ನೋಡಿ ನನ್ನನ್ನು ಕೂಗಿದ.

“ಏನ್ರೀ, ತುಂಬೈತಿ ಅಂತ ಬರದೀರಿ? ಇದರಾಗ ಏನೂ ಇಲ್ಲಲ್ರಿ!”

“ಅದಕ್ಕಽ ಹಂಗ ಬರದೀನಿ” ಅಂದೆ.